ನೀವು ಹೋಗಿ ಬನ್ನಿ, ನಾವು ನೋಡ್ಕೋತೀವಿ

ಬೆಳವಣಿಗೆಯಲ್ಲಿ ನ್ಯೂನತೆ ಇರುವ ಮಗು ಹುಟ್ಟಿದ ಮನೆಗೆ ಡಾಕ್ಟರುಗಳೂ ಸರ್ಕಾರಗಳೂ ಬಹುಕಾಲ ಎರಡೇ ಮಾತು ಹೇಳುತ್ತಾ ಬಂದವು. ಮೊದಲನೆಯದು, 'ನಮಗೆ ಕೊಟ್ಟುಬಿಡಿ, ಮರೆತುಬಿಡಿ.' ಎರಡನೆಯದು, 'ನಿಮ್ಮ ಮಗು, ನೀವೇ ನೋಡಿಕೊಳ್ಳಿ.' ಮೂರನೆಯ ಮಾತೊಂದು ಇದೆ: 'ಸ್ವಲ್ಪ ಹೊತ್ತು ನಾನು ನೋಡ್ಕೋತೀನಿ, ನೀವು ಹೋಗಿ ಬನ್ನಿ.' ಇದನ್ನು ಮೊದಲು ಹೇಳಿದವರು ಹೆಚ್ಚಾಗಿ ಅಂಥದ್ದೇ ಮಕ್ಕಳಿದ್ದ ಬೇರೆ ತಾಯಂದಿರು, ಅಕ್ಕಪಕ್ಕದ ಮನೆಯವರು. ಸರ್ಕಾರಗಳು ಆಮೇಲೆ ಬಂದವು, ನಿಧಾನವಾಗಿ.

ಇದಕ್ಕೆ ರೆಸ್ಪೈಟ್ ಕೇರ್ ಅಂತ ಹೆಸರು. ಮನೆಗೇ ಒಬ್ಬರು ಬಂದು ಕೆಲವು ಗಂಟೆ ಇರಬಹುದು. ಮಗು ಗೊತ್ತಿರುವ ಇನ್ನೊಂದು ಮನೆಗೆ ಹೋಗಿ ಒಂದು ರಾತ್ರಿ ಇದ್ದು ಬರಬಹುದು. ಹತ್ತಿರದ ಡೇ ಕೇರ್‌ನಲ್ಲಿ ಹಗಲು ಕಳೆಯಬಹುದು. ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇರುವವರು ಮನೆಯವರ ಜೊತೆಗೇ ಬದುಕುತ್ತಾರೆ. ಆದರೆ ನೋಡಿಕೊಳ್ಳುವ ಕೆಲಸ ವರ್ಷವಿಡೀ ಒಬ್ಬರ ಮೇಲೇ ಬೀಳುವುದಿಲ್ಲ. ಇಷ್ಟೇ ವಿಷಯ. ಇಷ್ಟು ಸರಳ ವಿಷಯಕ್ಕೆ ಜಗತ್ತು ಯಾಕೆ ಅಷ್ಟು ತಡ ಮಾಡಿತು ಅನ್ನುವುದು ನನ್ನನ್ನು ಕಾಡುವ ಪ್ರಶ್ನೆ.

ಕಾಡುವುದಕ್ಕೆ ಕಾರಣ ಮನೆಯಲ್ಲೇ ಇದೆ. ನನ್ನ ತಮ್ಮನಿಗೆ ಬೌದ್ಧಿಕ ಅಂಗವೈಕಲ್ಯ, ಜೊತೆಗೆ ಫಿಟ್ಸ್. ವಯಸ್ಸು ಮೂವತ್ತು ದಾಟಿದೆ. ಅವನಿಗೆ ಅಮ್ಮ ಊಟ ಮಾಡಿಸುವುದನ್ನು ನೀವು ನೋಡಬೇಕು. ಅನ್ನಕ್ಕೆ ಸಾರು ಹಾಕಿ ಚೆನ್ನಾಗಿ ಕಿವುಚಿ ಸಣ್ಣ ಸಣ್ಣ ತುತ್ತು ಮಾಡುತ್ತಾಳೆ. ಬಾಯಲ್ಲಿಟ್ಟ ಮೇಲೆ ಅವನ ಗಂಟಲನ್ನೇ ನೋಡುತ್ತಾ ಕೂರುತ್ತಾಳೆ. ನುಂಗಿದ್ದು ಕಂಡ ಮೇಲೇ ಮುಂದಿನ ತುತ್ತು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಆ ಹೊತ್ತಿನ ಊಟ ಮುಗಿದ ಹಾಗೇ. ಇನ್ನು ಫಿಟ್ಸ್ ಬರುವುದನ್ನು ಅಮ್ಮ ಅಡುಗೆಮನೆಯಿಂದಲೇ ಗುರುತಿಸುತ್ತಾಳೆ. ಎಚ್ಚರ ಇರುವಷ್ಟು ಹೊತ್ತೂ ಅವನು ಏನಾದರೊಂದು ಗುನುಗುತ್ತಿರುತ್ತಾನೆ. ಆ ಗುನುಗು ತಟ್ಟನೆ ನಿಂತರೆ ಅಮ್ಮ ಗ್ಯಾಸ್ ಆಫ್ ಮಾಡಿ ಓಡುತ್ತಾಳೆ. ತಲೆ ನೆಲಕ್ಕೆ ಬಡಿಯುವ ಮುಂಚೆ ಅಲ್ಲಿರುತ್ತಾಳೆ.

ಇದನ್ನೆಲ್ಲ ಇನ್ನೊಬ್ಬರು ಕಲಿಯಬಹುದು. ನಾನೂ ಕಲಿತಿದ್ದೇನೆ. ಆದರೆ ನಾನಿರುವುದು ಬೇರೆ ಊರಲ್ಲಿ. ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಎಷ್ಟು ಸಲ ಮುಂದಕ್ಕೆ ಹೋಯಿತೋ ಲೆಕ್ಕವಿಲ್ಲ. ದುಡ್ಡಿಗೆ ತೊಂದರೆ ಇರಲಿಲ್ಲ, ಡಾಕ್ಟರೂ ಇದ್ದರು. ಆ ಕೆಲವು ದಿನ ತಮ್ಮನ ಜೊತೆ ಇರುವವರು ಯಾರೂ ಇರಲಿಲ್ಲ, ಅಷ್ಟೇ. ನೆಂಟರೆಲ್ಲ ಒಳ್ಳೆಯವರೇ. ಬಂದಾಗ ಅವನ ತಲೆ ಸವರುತ್ತಾರೆ, 'ಪಾಪ' ಅನ್ನುತ್ತಾರೆ, 'ಎಲ್ಲಾ ದೇವರು ನೋಡ್ಕೋತಾನೆ ಬಿಡಕ್ಕಾ' ಅಂತ ಅಮ್ಮನಿಗೆ ಹೇಳಿ ಕಾಫಿ ಕುಡಿದು ಹೊರಡುತ್ತಾರೆ. ಅಮ್ಮ ನಗುತ್ತಾಳೆ. ನನಗೆ ಸಿಟ್ಟು ಬರುತ್ತದೆ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದರು ಅಂತ ನಾನು ಓದಲು ಶುರುಮಾಡಿದ್ದು ಈ ಸಿಟ್ಟಿನಿಂದಲೇ.

ಅಮೆರಿಕದ ಕಥೆ ಬಹುತೇಕ ಮೊದಲ ಮಾತಿನ ಕಥೆ. 'ಕೊಟ್ಟುಬಿಡಿ.' ಕಳೆದ ಶತಮಾನದ ಮಧ್ಯದವರೆಗೂ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದರೆ, ಆಸ್ಪತ್ರೆಯಿಂದ ಮನೆಗೇ ಕರೆದುಕೊಂಡು ಹೋಗಬೇಡಿ, ನೇರವಾಗಿ ಸಂಸ್ಥೆಗೆ ಸೇರಿಸಿ ಎಂದು ಡಾಕ್ಟರುಗಳು ಹೇಳುವುದು ಮಾಮೂಲಾಗಿತ್ತು. ಆ ಸಂಸ್ಥೆಗಳು ಹೇಗಿದ್ದವು? ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿದ್ದ ವಿಲ್ಲೋಬ್ರೂಕ್ ಅನ್ನೇ ನೋಡಿ. ಕಟ್ಟಿದ್ದು ಸುಮಾರು 4000 ಜನರಿಗೆ. 1965ರಲ್ಲಿ ಅಲ್ಲಿ ಸುಮಾರು 6000 ಜನ ಇದ್ದರು. ಆ ವರ್ಷ ಸೆನೆಟರ್ ರಾಬರ್ಟ್ ಕೆನಡಿ ಹೇಳದೆ ಕೇಳದೆ ಒಳಗೆ ಹೋಗಿ ನೋಡಿ ಬಂದು, ಅದನ್ನು ಹಾವಿನ ಗುಂಡಿಗೆ ಹೋಲಿಸಿದರು. ಆದರೂ ಹೆಚ್ಚೇನೂ ಬದಲಾಗಲಿಲ್ಲ. 1972ರಲ್ಲಿ ಹೆರಾಲ್ಡೋ ರಿವೆರಾ ಎಂಬ ಟಿವಿ ವರದಿಗಾರ ಕ್ಯಾಮೆರಾ ಹಿಡಿದು ಒಳನುಗ್ಗಿದ. ಬರಿಮೈಯಲ್ಲಿ, ತಮ್ಮದೇ ಹೊಲಸಿನ ನಡುವೆ ನೆಲದ ಮೇಲೆ ಕೂತ ಮಕ್ಕಳನ್ನು ದೇಶವೇ ನೋಡಿತು. ಪೋಷಕರು ಕೋರ್ಟಿಗೆ ಹೋದರು. 1975ರಲ್ಲಿ ಒಪ್ಪಂದವಾಯಿತು. ಅಲ್ಲಿದ್ದವರನ್ನು ಊರೊಳಗಿನ ಸಣ್ಣ ಮನೆಗಳಿಗೆ ಕಳಿಸುವುದಾಗಿ ರಾಜ್ಯ ಸರ್ಕಾರ ಮಾತು ಕೊಟ್ಟಿತು. ವಿಲ್ಲೋಬ್ರೂಕ್ ಪೂರ್ತಿ ಮುಚ್ಚಿದ್ದು 1987ರಲ್ಲಿ.

ಈ ಚಿತ್ರಗಳನ್ನು ನೋಡಿದಾಗ 'ಎಂಥಾ ಅಪ್ಪ ಅಮ್ಮ ಇವರು, ಹೆತ್ತ ಮಗುವನ್ನು ಇಲ್ಲಿ ಬಿಟ್ಟು ಹೋದರಲ್ಲ' ಅಂತ ಯಾರಿಗಾದರೂ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಶಾಲೆ ಸೇರಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಇನ್ನೂ ಮೂರು ಮಕ್ಕಳು. ರಾತ್ರಿ ನಿದ್ದೆ ಇಲ್ಲ. ಡಾಕ್ಟರು 'ಸೇರಿಸಿ' ಅನ್ನುತ್ತಾರೆ. ಇಂಥ ತಾಯಿಗೆ ಇದ್ದ ಆಯ್ಕೆ ಎರಡೇ. ಪೂರ್ತಿ ಹೊರುವುದು, ಇಲ್ಲವೇ ಪೂರ್ತಿ ಬಿಡುವುದು. ವಾರಕ್ಕೆ ನಾಲ್ಕು ಗಂಟೆ ಯಾರಾದರೂ ಮನೆಗೆ ಬಂದಿದ್ದರೆ ಆ ಮಕ್ಕಳಲ್ಲಿ ಎಷ್ಟು ಜನ ಮನೆಯಲ್ಲೇ ಬೆಳೆಯುತ್ತಿದ್ದರೋ ಏನೋ.

ಬ್ರಿಟನ್ನಿನಲ್ಲಿ ಬಿಡುವು ಇತ್ತು, ಆದರೆ ಆಸ್ಪತ್ರೆಯೊಳಗೆ ಇತ್ತು. ತಾಯಿಗೆ ಹುಷಾರಿಲ್ಲ, ಇನ್ನೊಂದು ಹೆರಿಗೆ ಇದೆ ಅಂದರೆ ಮಗುವನ್ನು ಕೆಲವು ವಾರ ಬುದ್ಧಿಮಾಂದ್ಯರ ದೊಡ್ಡ ಆಸ್ಪತ್ರೆಯ ವಾರ್ಡಿಗೆ ಸೇರಿಸಬಹುದಿತ್ತು. ಆ ವಾರ್ಡುಗಳ ಸ್ಥಿತಿ ಏನಿತ್ತು ಅನ್ನುವುದನ್ನು ಕಾರ್ಡಿಫ್‌ನ ಈಲಿ ಆಸ್ಪತ್ರೆಯ ಬಗ್ಗೆ 1969ರಲ್ಲಿ ಬಂದ ತನಿಖಾ ವರದಿ ತೋರಿಸಿತು. ಗೊತ್ತಿಲ್ಲದ ಮುಖಗಳು, ಗೊತ್ತಿಲ್ಲದ ಹಾಸಿಗೆ. ಮಾತು ಬಾರದ ಮಗು, 'ಅಮ್ಮ ಯಾವಾಗ ಬರ್ತಾಳೆ' ಅಂತ ಕೇಳುವುದಕ್ಕೂ ಆಗದ ಮಗು ಅಲ್ಲಿ ಹೇಗೆ ಇರಬೇಕು? ಮಗು ಅಳುತ್ತಿದೆ ಅಂತ ಗೊತ್ತಿದ್ದರೆ ಮನೆಯಲ್ಲಿ ತಾಯಿಗೆ ನಿದ್ದೆ ಬರುತ್ತದಾ? ಅದು ಬಿಡುವೇ ಅಲ್ಲ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಆಗ ಬ್ರಿಟನ್ನಿನಲ್ಲಿ 'ಕ್ರಾಸ್‌ರೋಡ್ಸ್' ಅಂತ ಒಂದು ಧಾರಾವಾಹಿ ಬರುತ್ತಿತ್ತು. ನಮ್ಮ ಮನೆಗಳಲ್ಲಿ ಸಂಜೆ ನೋಡುವಂಥದ್ದೇ. ಅದರಲ್ಲಿ ಒಬ್ಬ ಯುವಕ ಅಪಘಾತವಾಗಿ ಗಾಲಿಕುರ್ಚಿಗೆ ಬರುತ್ತಾನೆ. ಅದನ್ನು ನೋಡಿದ, ನಿಜಜೀವನದಲ್ಲೇ ಹಾಗಿದ್ದ ವೀಕ್ಷಕರೊಬ್ಬರು, ಮನೆಯಲ್ಲಿ ನೋಡಿಕೊಳ್ಳುವವರ ಪಾಡು ಇಷ್ಟು ಸಲೀಸಲ್ಲ ಅಂತ ತಕರಾರು ತೆಗೆದರು. ಟಿವಿ ಕಂಪನಿ ಅದನ್ನು ತಳ್ಳಿಹಾಕಲಿಲ್ಲ. ಹಣ ಕೊಟ್ಟಿತು. 1974ರಲ್ಲಿ ರಗ್ಬಿ ಊರಿನಲ್ಲಿ ಕ್ರಾಸ್‌ರೋಡ್ಸ್ ಹೆಸರಿನಲ್ಲೇ ಒಂದು ಯೋಜನೆ ಶುರುವಾಯಿತು. ತರಬೇತಿ ಪಡೆದ ಸಹಾಯಕರು ಮನೆಗೇ ಬರುತ್ತಿದ್ದರು. ಏಳಿಸುವುದು, ಸ್ನಾನ, ಬಟ್ಟೆ, ಊಟ, ಮಲಗಿಸುವುದು, ಮನೆಯವರು ಏನೇನು ಮಾಡುತ್ತಿದ್ದರೋ ಅದನ್ನೇ ಅವರು ಮಾಡಿದಂತೆಯೇ ಮಾಡುವುದು. ಅಷ್ಟು ಹೊತ್ತು ಮನೆಯವರು ಬಿಡುವಾಗಿರುತ್ತಿದ್ದರು. ಒಂದೂರಿನಲ್ಲಿ ಶುರುವಾದದ್ದು ದೇಶದ ತುಂಬಾ ಹರಡಿತು.

ಎರಡು ವರ್ಷ ಬಿಟ್ಟು, 1976ರಲ್ಲಿ, ಲೀಡ್ಸ್ ಮತ್ತು ಸಾಮರ್‌ಸೆಟ್‌ನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಇದು ಬೆಳವಣಿಗೆಯ ನ್ಯೂನತೆ ಇರುವ ಮಕ್ಕಳಿಗಾಗಿಯೇ. ಒಂದು ಮನೆಯನ್ನು ಇನ್ನೊಂದು ಮನೆಗೆ ಜೋಡಿಸುವುದು. ಮೊದಲು ಮಗುವನ್ನು ನೋಡಿಕೊಳ್ಳಲು ಮುಂದೆ ಬಂದ ಕುಟುಂಬವನ್ನು ಪರಿಶೀಲಿಸಿ, ತರಬೇತಿ ಕೊಡುತ್ತಾರೆ. ಆಮೇಲೆ ಮಗು ಅಮ್ಮನ ಜೊತೆ ಅಲ್ಲಿಗೆ ಸುಮ್ನೆ ಹೋಗಿ ಬರುತ್ತದೆ. ಪರಿಚಯವಾದ ಮೇಲೆ ಒಂದು ಮಧ್ಯಾಹ್ನ. ಒಗ್ಗಿಕೊಂಡ ಮೇಲೆ ಒಂದು ರಾತ್ರಿ. ಕೊನೆಗೆ ತಿಂಗಳಿಗೊಂದು ಶನಿವಾರ-ಭಾನುವಾರ. ಆ ಮನೆಯವರಿಗೆ ಒಂದಿಷ್ಟು ಭತ್ಯೆ ಕೊಡುತ್ತಾರೆ. ಆದರೆ ದುಡ್ಡಿಗಾಗಿಯೇ ಯಾರೂ ಈ ಕೆಲಸಕ್ಕೆ ಬರುವುದಿಲ್ಲ, ಅಷ್ಟೊಂದು ದುಡ್ಡೂ ಅಲ್ಲ ಅದು.

ಗಮನಿಸಿ, ಇಲ್ಲಿ ಲಾಭ ಅಮ್ಮನಿಗೆ ಮಾತ್ರ ಅಲ್ಲ. ಆ ಮಗುವಿಗೆ ಇನ್ನೊಂದು ಮನೆ ಸಿಕ್ಕಿತು. ಬೇರೆ ಮಕ್ಕಳೆಲ್ಲ ರಜೆಗೆ ಅಜ್ಜಿ ಮನೆಗೆ, ಅತ್ತೆ ಮನೆಗೆ ಹೋಗಿ ಬರುತ್ತಾರಲ್ಲ, ಅಂಥ ಒಂದು ಮನೆ. ಬೌದ್ಧಿಕ ನ್ಯೂನತೆ ಇರುವವರ ಪರವಾಗಿ ಕೆಲಸ ಮಾಡಿದ ಸ್ವೀಡನ್ನಿನ ಬೆಂಗ್ಟ್ ನಿರ್ಯೆ 1969ರಲ್ಲೇ ಇದನ್ನು ಬರೆದಿದ್ದರು. ಎಲ್ಲರ ದಿನಕ್ಕೆ, ವಾರಕ್ಕೆ, ವರ್ಷಕ್ಕೆ ಒಂದು ಲಯ ಇರುತ್ತದೆ, ಅದರಲ್ಲಿ ರಜೆಯೂ ಸೇರಿದೆ, ಬೌದ್ಧಿಕ ನ್ಯೂನತೆ ಇರುವವರಿಗೂ ಅದೇ ಲಯ ಸಿಗಬೇಕು ಅನ್ನುವುದು ಅವರ ವಾದ. ನನ್ನ ತಮ್ಮ ಯಾರ ಮನೆಗೂ ರಜೆಗೆ ಹೋದವನಲ್ಲ. ನನಗೆ ನಿರ್ಯೆ ಅವರ ಮಾತು ಓದುವವರೆಗೂ ಅದೊಂದು ಕೊರತೆ ಅಂತಲೇ ಹೊಳೆದಿರಲಿಲ್ಲ. ಅಮ್ಮನ ದಣಿವು ಕಾಣುತ್ತಿತ್ತು. ಅವನ ಬೇಸರ ಕಾಣುತ್ತಿರಲಿಲ್ಲ.

ಸ್ವೀಡನ್ ಮುಂದೆ ಇದನ್ನು ಹಕ್ಕನ್ನಾಗಿಯೇ ಮಾಡಿತು. 1994ರ ಜನವರಿಯಲ್ಲಿ ಜಾರಿಗೆ ಬಂದ ಎಲ್‌ಎಸ್‌ಎಸ್ ಎಂಬ, ಇಂಥ ಅಂಗವೈಕಲ್ಯ ಇರುವವರಿಗಾಗಿ ಮಾಡಿದ ಕಾಯ್ದೆಯಲ್ಲಿ ಹತ್ತು ಬಗೆಯ ಸೇವೆಗಳಿವೆ. ಮನೆಗೆ ಬಂದು ನೋಡಿಕೊಳ್ಳುವವರು ಒಂದು. ಮನೆಯಿಂದ ಹೊರಗೆ ಕೆಲವು ದಿನ ಇದ್ದು ಬರುವುದು ಇನ್ನೊಂದು. 12 ವರ್ಷ ದಾಟಿದ ಶಾಲಾ ಮಕ್ಕಳಿಗೆ ಶಾಲೆಯ ಮುಂಚೆ, ನಂತರ ಮತ್ತು ರಜೆಯಲ್ಲಿ ನೋಡಿಕೊಳ್ಳುವವರು ಮತ್ತೊಂದು. ಅರ್ಜಿ ತಿರಸ್ಕರಿಸಿದರೆ ಮೇಲ್ಮನವಿ ಹಾಕಬಹುದು. ಕೇಳಿದರೆ ಕೊಡುವ ದಾನಕ್ಕೂ, ಕೊಡದಿದ್ದರೆ ಕೋರ್ಟಿಗೆ ಹೋಗಬಹುದಾದ ಹಕ್ಕಿಗೂ ಎಷ್ಟು ದೂರ ಅಂತ ಯೋಚಿಸಿ.

ಮತ್ತೆ ಅಮೆರಿಕ. ದೊಡ್ಡ ಸಂಸ್ಥೆಗಳು ಒಂದೊಂದಾಗಿ ಖಾಲಿಯಾದವು. ಜನ ಊರಿಗೆ ಬಂದರು. ದುಡ್ಡು ಮಾತ್ರ ಅವರ ಹಿಂದೆ ಬರಲಿಲ್ಲ. ಅಯೋವಾ ರಾಜ್ಯದ ಕೇಟಿ ಬೆಕೆಟ್ ಎಂಬ ಮಗುವಿನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವಳು ಹುಟ್ಟಿದ್ದು 1978ರಲ್ಲಿ. ಹಸುಗೂಸಾಗಿದ್ದಾಗಲೇ ಮೆದುಳಿನ ಸೋಂಕು ಬಂದು ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಯಿತು. ಮೂರು ವರ್ಷ ಆಗುವ ಹೊತ್ತಿಗೆ ಮನೆಗೆ ಹೋಗುವಷ್ಟು ಸುಧಾರಿಸಿದ್ದಳು. ಆದರೆ ಆಸ್ಪತ್ರೆಯಲ್ಲಿದ್ದರೆ ಮಾತ್ರ ಸರ್ಕಾರದ ಮೆಡಿಕೈಡ್ ಎಂಬ ಆರೋಗ್ಯ ನೆರವಿನ ಯೋಜನೆ ದುಡ್ಡು ಕೊಡುತ್ತದೆ, ಮನೆಗೆ ಹೋದರೆ ಇಲ್ಲ ಅನ್ನುವುದು ನಿಯಮ. ಮನೆಯ ಖರ್ಚು ಆಸ್ಪತ್ರೆಯ ಖರ್ಚಿನ ಆರನೇ ಒಂದು ಭಾಗ. 1981ರ ನವೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲೇ ಈ ಪ್ರಸಂಗ ಎತ್ತಿ, ಇದೆಂಥ ನಿಯಮ ಅಂತ ಕೇಳಿದರು. ಕ್ರಿಸ್ಮಸ್‌ಗೆ ಮುಂಚೆ ಕೇಟಿ ಮನೆಯಲ್ಲಿದ್ದಳು. ಅದೇ ವರ್ಷದ ಆಗಸ್ಟ್‌ನಲ್ಲಿ ಕಾನೂನೂ ಬದಲಾಗಿತ್ತು. ಮೆಡಿಕೈಡ್ ದುಡ್ಡನ್ನು ರಾಜ್ಯಗಳು ಮನೆಯಲ್ಲಿ, ಊರಿನಲ್ಲಿ ಕೊಡುವ ಸೇವೆಗಳಿಗೂ ಬಳಸಬಹುದು ಅಂತ ಆಯಿತು. ಆ ಸೇವೆಗಳ ಪಟ್ಟಿಯಲ್ಲಿ ರೆಸ್ಪೈಟ್ ಕೇರ್ ಕೂಡ ಇತ್ತು.

ಕೇಟಿ ದೊಡ್ಡವಳಾಗಿ, ಓದಿ, ತನ್ನಂಥವರ ಹಕ್ಕಿಗಾಗಿ ಮಾತಾಡಿ, 2012ರಲ್ಲಿ ತೀರಿಕೊಂಡಳು. ಅವಳ ತಾಯಿ ಜೂಲಿ ಬೆಕೆಟ್ ಜೀವನವಿಡೀ ಇಂಥ ಕುಟುಂಬಗಳ ಪರವಾಗಿ ಓಡಾಡಿದರು.

ಆಮೇಲೆ ಕಾನೂನುಗಳು ಬಂದವು. 1986ರಲ್ಲಿ ಅಂಗವಿಕಲ ಮಕ್ಕಳ ತಾತ್ಕಾಲಿಕ ಪಾಲನೆಗೆ ಹಣ ಕೊಡುವ ಕಾನೂನು, 2006ರ ಡಿಸೆಂಬರ್‌ನಲ್ಲಿ ಯಾವ ವಯಸ್ಸಿನವರನ್ನು ನೋಡಿಕೊಳ್ಳುತ್ತಿದ್ದರೂ ಬಿಡುವು ಸಿಗಲಿ ಅನ್ನುವ ಲೈಫ್‌ಸ್ಪ್ಯಾನ್ ರೆಸ್ಪೈಟ್ ಕೇರ್ ಕಾಯ್ದೆ. ಇವತ್ತಿಗೂ ಅಲ್ಲಿ ಹಲವು ರಾಜ್ಯಗಳಲ್ಲಿ ಮನೆಯ ಸೇವೆಗಳಿಗಾಗಿ ಉದ್ದದ ಕಾಯುವ ಪಟ್ಟಿಗಳಿವೆ. ಶ್ರೀಮಂತ ದೇಶದಲ್ಲೂ ಇದು ಸುಲಭವಾಗಿ ಬಂದದ್ದಲ್ಲ, ಪೂರ್ತಿ ಬಂದೂ ಇಲ್ಲ.

ನಮ್ಮ ಕಡೆ ಈ ವಿಷಯ ಎತ್ತಿದರೆ ತಕ್ಷಣ ಬರುವ ಮಾತು, 'ನಮ್ಮಲ್ಲಿ ಕೂಡು ಕುಟುಂಬ ಇತ್ತು, ಇದೆಲ್ಲ ಬೇಕೇ ಇರಲಿಲ್ಲ.' ಈ ಮಾತನ್ನು ನಾನು ಒಪ್ಪುವುದಿಲ್ಲ. ಕೂಡು ಕುಟುಂಬ ಇತ್ತು, ಸರಿ. ಆದರೆ ಅದರಲ್ಲಿ ನೋಡಿಕೊಳ್ಳುತ್ತಿದ್ದವರು ಯಾರು? ಮದುವೆಯಾಗದೆ ಉಳಿದ ಅತ್ತೆ. ಗಂಡ ತೀರಿಕೊಂಡು ತವರಿಗೆ ಬಂದ ದೊಡ್ಡಮ್ಮ. ಶಾಲೆ ಬಿಡಿಸಿದ ದೊಡ್ಡ ಮಗಳು. ಹತ್ತು ಜನರ ಮನೆಯಲ್ಲೂ ಕೆಲಸ ಒಬ್ಬಳದೇ. ಅವಳಿಗೆ ಸಂಬಳವಿಲ್ಲ, ರಜೆಯಿಲ್ಲ, ಒಲ್ಲೆ ಅನ್ನುವ ಸ್ವಾತಂತ್ರ್ಯವೂ ಇಲ್ಲ. ಅದನ್ನು ಊರಿನ ಆಸರೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕಾಗದದ ಮೇಲೆ ನಮ್ಮಲ್ಲೂ ಸಾಕಷ್ಟು ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿಯೇ ಬಂತು. ಅದರ ಹಿಂದೆ ಇದ್ದದ್ದು ಪೋಷಕರು ವರ್ಷಗಟ್ಟಲೆ ಕೇಳುತ್ತಿದ್ದ ಪ್ರಶ್ನೆ: 'ನಮ್ಮ ನಂತರ ಯಾರು?' ಅದರ ಅಡಿಯಲ್ಲಿ ನಿರಾಮಯ ಎಂಬ 1 ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ. ಆರೈಕೆ ಮಾಡುವವರಿಗೆ ತರಬೇತಿ ಕೊಡುವ ಸಹಯೋಗಿ ಇದೆ. ಸಮರ್ಥ್ ಎಂಬ, ರೆಸ್ಪೈಟ್ ಕೇರ್‌ಗಾಗಿಯೇ ಮಾಡಿದ ಯೋಜನೆಯೂ ಇದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ಭಾರತ 2007ರಲ್ಲೇ ಒಪ್ಪಿಕೊಂಡಿದೆ. ಅದರ 28ನೇ ವಿಧಿಯಲ್ಲಿ, ಬಡ ಕುಟುಂಬಗಳಿಗೆ ರೆಸ್ಪೈಟ್ ಕೇರ್‌ಗೆ ಸರ್ಕಾರ ನೆರವಾಗಬೇಕು ಅಂತ ಹೆಸರು ಹಿಡಿದೇ ಬರೆದಿದೆ. ನಮ್ಮದೇ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಪ್ರಸ್ತಾಪವೂ ಇದೆ.

ತೊಂದರೆ ಇರುವುದು ಇವು ಮನೆಯಿಂದ ಎಷ್ಟು ದೂರ ಅನ್ನುವುದರಲ್ಲಿ. ಸಮರ್ಥ್ ಅಂದರೆ ಒಂದು ವಸತಿ ಕೇಂದ್ರ. ಅದು ಇರುವುದು ಎಲ್ಲೋ ಒಂದು ನಗರದಲ್ಲಿ. ನಮ್ಮ ತಾಲ್ಲೂಕಿನ ತಾಯಿಗೆ ಬೇಕಾದದ್ದು ಮಂಗಳವಾರ ಸಂತೆಗೆ ಹೋಗಿ ಬರುವ ಹೊತ್ತು, ಬ್ಯಾಂಕಿನಲ್ಲಿ ಕ್ಯೂ ನಿಲ್ಲುವ ಹೊತ್ತು, ಜ್ವರ ಬಂದಾಗ ಮಲಗುವ ಹೊತ್ತು. ಬಸ್ಸಿನಲ್ಲಿ ಅರ್ಧ ದಿನ ಹೋಗಿ ಮಗುವನ್ನು ಬಿಟ್ಟು ಬಂದರೆ ಅದು ಆಸ್ಪತ್ರೆಯ ವಾರ್ಡಿನ ಹಳೆಯ ಕಥೆಯೇ.

ಹತ್ತಿರದಲ್ಲೇ ಮಾಡಬಹುದು ಅನ್ನುವುದಕ್ಕೆ ನಮ್ಮ ನೆಲದಲ್ಲೇ ಒಂದು ಉದಾಹರಣೆ ಇದೆ. ಅದರ ಹಿಂದಿನ ಕಾರಣ ಮಾತ್ರ ಘೋರವಾದದ್ದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಕಾಸರಗೋಡಿನ ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ ಮೊದಲಾದವರು ಅಲ್ಲಿನ ಜನರ ಕಾಯಿಲೆಗಳನ್ನು ಜಗತ್ತಿನ ಗಮನಕ್ಕೆ ತಂದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಲ್ಲಿಸಿತು. ಆದರೆ ನ್ಯೂನತೆಯೊಂದಿಗೆ ಹುಟ್ಟಿದ ಮಕ್ಕಳು ಮನೆಗಳಲ್ಲಿದ್ದರು, ಬೆಳೆಯುತ್ತಿದ್ದರು. ತಾಯಂದಿರು ಬೀಡಿ ಕಟ್ಟುವುದನ್ನೂ ಕೂಲಿಯನ್ನೂ ಬಿಟ್ಟು ಅವರ ಪಕ್ಕ ಕೂತಿದ್ದರು.

ಹೋರಾಟದ ಫಲವಾಗಿ ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಎಂಡೋ ಪಾಲನಾ ಕೇಂದ್ರಗಳು ಬಂದವು. ಹಗಲು ಹೊತ್ತು ಮಕ್ಕಳೂ ದೊಡ್ಡವರೂ ಅಲ್ಲಿರುತ್ತಾರೆ, ಸಂಜೆ ಮನೆಗೆ. ಅತ್ತ ಕೇರಳದಲ್ಲಿ 2004ರಲ್ಲಿ ತಿರುವನಂತಪುರದ ವೆಂಙಾನೂರು ಪಂಚಾಯಿತಿಯಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗಾಗಿ ಮೊದಲ ಬಡ್ಸ್ ಶಾಲೆ ಶುರುವಾಗಿತ್ತು. ಪಂಚಾಯಿತಿ ಮತ್ತು ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘಗಳ ಜಾಲ ಸೇರಿ ನಡೆಸುವ ಈ ಶಾಲೆಗಳು ಕಾಸರಗೋಡಿನ ಪೀಡಿತ ಗ್ರಾಮಗಳಿಗೂ ಬಂದವು. ಇಂಥ ಕಡೆ ಮಗುವಿಗೆ ಕಲಿಕೆ, ಫಿಸಿಯೋಥೆರಪಿ ಸಿಗುತ್ತದೆ. ಅದರ ಜೊತೆಗೇ ತಾಯಿಗೆ ಒಂದು ಹಗಲು ಸಿಗುತ್ತದೆ. ಅವಳು ಕೂಲಿಗೆ ಹೋಗಬಹುದು. ಅಥವಾ ಸುಮ್ನೆ ಮಲಗಬಹುದು, ಅದಕ್ಕೂ ಅವಳಿಗೆ ಹಕ್ಕಿದೆ ಅಲ್ವಾ? ಆದರೆ ಹಾಸಿಗೆ ಬಿಟ್ಟು ಏಳಲಾರದವರು, ವಾಹನ ಬರುವ ರಸ್ತೆಯಿಲ್ಲದ ಮನೆಯವರು ಇಂಥ ಕೇಂದ್ರಗಳಿಂದ ಹೊರಗೇ ಉಳಿಯುತ್ತಾರೆ. ಅವರಿಗೆ ಬೇಕಾದದ್ದು ರಗ್ಬಿಯ ಮಾದರಿ, ಮನೆಗೇ ಬರುವವರು.

'ಮೊದಲು ಥೆರಪಿ, ಶಾಲೆ, ಪಿಂಚಣಿ ಎಲ್ಲ ಸರಿಯಾಗಲಿ, ತಾಯಿಯ ವಿಶ್ರಾಂತಿ ಆಮೇಲೆ ನೋಡೋಣ' ಅನ್ನುವವರಿದ್ದಾರೆ. ಅವರಲ್ಲಿ ನಾನು ಗೌರವಿಸುವ ಕಾರ್ಯಕರ್ತರೂ ಇದ್ದಾರೆ. ನನ್ನ ಅನಿಸಿಕೆ ಬೇರೆ. ಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮವನ್ನು ದಿನಾ ಮಾಡಿಸುವವಳು ಅದೇ ತಾಯಿ. ಅವಳ ಸೊಂಟ ಹಿಡಿದರೆ ಎಲ್ಲವೂ ನಿಲ್ಲುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದಾರೆ. ಅವರಲ್ಲಿ ಇಡೀ ದಿನ ಒಬ್ಬರ ಆಸರೆ ಬೇಕಾದವರ ಮನೆಗಳಲ್ಲಿ ಆ ಒಬ್ಬರು ಬಹುತೇಕ ಹೆಂಗಸೇ.

ಇನ್ನೊಂದು ಆತಂಕ ನಿಜವಾದದ್ದು. ಹೊರಗಿನವರನ್ನು ನಂಬುವುದು ಹೇಗೆ? ಮಾತು ಬಾರದವರಿಗೆ ಯಾರಾದರೂ ಹೊಡೆದರೆ, ಕೆಟ್ಟದಾಗಿ ನಡೆದುಕೊಂಡರೆ ಹೇಳುವವರು ಯಾರು? ಈ ಭಯ ನನ್ನ ಅಮ್ಮನಿಗೂ ಇದೆ. ಅದಕ್ಕೇ ಲೀಡ್ಸ್‌ನ ಕ್ರಮ ನನಗೆ ಸರಿ ಅನಿಸುತ್ತದೆ. ಪರಿಶೀಲನೆ, ತರಬೇತಿ, ಅಮ್ಮನ ಎದುರಲ್ಲೇ ಪರಿಚಯ, ಆಮೇಲೆ ನಿಧಾನಕ್ಕೆ ಒಬ್ಬರೇ. ಬರುವವರು ವಾರ ವಾರ ಬದಲಾಗಬಾರದು. ಮಗುವಿಗೆ ಇಷ್ಟವಾಗದಿದ್ದರೆ ಅವರನ್ನು ಬದಲಿಸಬೇಕು. ಮಾತು ಬಾರದಿದ್ದರೂ ಇಷ್ಟ-ಕಷ್ಟ ಗೊತ್ತಾಗುತ್ತದೆ. ನನ್ನ ತಮ್ಮನಿಗೆ ಹಿಡಿಸದವರು ಬಂದರೆ ಗೋಡೆ ಕಡೆ ತಿರುಗಿ ಕೂರುತ್ತಾನೆ. ಇಷ್ಟವಾದವರ ಕೈಗಡಿಯಾರ ಮುಟ್ಟಿ ಮುಟ್ಟಿ ನೋಡುತ್ತಾನೆ.

ಈಗ ನಾನು ಮಾಡಬೇಕು ಅಂತಿರುವುದು ಇದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ತನ್ನ ಅನುದಾನದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮೂರಿನಲ್ಲಿ ಆ ದುಡ್ಡು ಸಾಮಾನ್ಯವಾಗಿ ಸಲಕರಣೆಗಳಿಗೆ ಹೋಗುತ್ತದೆ. ಅದೂ ಬೇಕು, ಬೇಡ ಅನ್ನುತ್ತಿಲ್ಲ. ಅದರ ಒಂದು ಪಾಲಿನಲ್ಲಿ ಊರಿನ ಇಬ್ಬರು ಹೆಣ್ಣುಮಕ್ಕಳಿಗೆ ತರಬೇತಿ ಕೊಡಿಸಿ, ಗಂಟೆಯ ಲೆಕ್ಕದಲ್ಲಿ ಸಂಬಳ ಕೊಟ್ಟು, ಇಂಥ ಮನೆಗಳಿಗೆ ವಾರಕ್ಕೆ ಎರಡು ಮಧ್ಯಾಹ್ನ ಕಳಿಸಬಹುದಾ ಅಂತ ಮುಂದಿನ ಗ್ರಾಮಸಭೆಯಲ್ಲಿ ಬರೆದು ಕೊಡಲಿದ್ದೇನೆ. ಊರಲ್ಲಿ ನಮ್ಮಂಥ ಇನ್ನೂ ನಾಲ್ಕು ಮನೆಗಳಿವೆ. ಆ ತಾಯಂದಿರೂ ಸಹಿ ಹಾಕುತ್ತೇವೆ ಅಂದಿದ್ದಾರೆ. ಗ್ರಾಮಸಭೆಗೆ ಅವರೇ ಬಂದು ಮಾತಾಡಬೇಕು ಅಂತ ನನ್ನ ಆಸೆ. ಹಾಗಾಗಬೇಕಾದರೆ ಆ ದಿನ ಐದು ಮನೆಯ ಮಕ್ಕಳನ್ನು ನೋಡಿಕೊಳ್ಳುವವರು ಬೇಕು. ನಮ್ಮ ಜಗಲಿಯಲ್ಲೇ ಎಲ್ಲರನ್ನೂ ಸೇರಿಸಿ, ನಾನೂ ನನ್ನ ಗೆಳತಿಯರಿಬ್ಬರೂ ಇರುವುದು ಅಂತ ಮಾತಾಗಿದೆ. ಯಾರ ಊಟ ಹೇಗೆ, ಯಾರ ಮಾತ್ರೆ ಎಷ್ಟು ಹೊತ್ತಿಗೆ, ಯಾರು ಯಾವುದಕ್ಕೆ ಹೆದರುತ್ತಾರೆ ಅಂತ ಒಬ್ಬೊಬ್ಬ ಅಮ್ಮನ ಹತ್ತಿರ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.